ನಾಯಿ, ಬೆಕ್ಕು, ಕೋತಿ ಕಚ್ಚಿದರೆ: ಮನೆಯ ಪೆಟ್ಟಿಗೆಯಲ್ಲಿ ಯಾವುದಿರಲಿ, ಯಾವುದು ಬೇಡ

"ನಾಯಿ ಕಚ್ಚಿದೆ, ಏನಾದ್ರೂ ಹಚ್ಚೋಕೆ ಕೊಡಿ." ಮೆಡಿಕಲ್ ಕೌಂಟರ್ ಹಿಂದೆ ನಿಲ್ಲುವ ನಮಗೆ ಈ ಮಾತು ಹೊಸದಲ್ಲ. ನಾನು ಬೀರುವಿನ ಕಡೆ ತಿರುಗುವ ಮೊದಲು ಕೇಳುವುದು ಒಂದೇ: "ತೊಳೆದ್ರಾ?" ಬಹಳ ಮಂದಿ ತೊಳೆದಿರುವುದಿಲ್ಲ. ಕರ್ಚೀಫು ಸುತ್ತಿಕೊಂಡು, ಗಾಡಿ ಹತ್ತಿ, ಸೀದಾ ಬಂದಿರುತ್ತಾರೆ. ಅವರಿಗೆ ಬೇಕಿರುವುದು ಆಯಿಂಟ್‌ಮೆಂಟ್. ಗಾಯಕ್ಕೆ ಬೇಕಿರುವುದು ಸೋಪು ಮತ್ತು ನಲ್ಲಿ ನೀರು.

ಪ್ರಾಣಿ ಕಚ್ಚಿದ ಗಾಯಕ್ಕೆ ಅಂತ ಮನೆಯಲ್ಲಿ ಏನೇನು ಇಟ್ಟುಕೊಳ್ಳಬೇಕು ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಬೀದಿ ನಾಯಿ ಇರುವ ಬಡಾವಣೆಯವರು, ಬೆಕ್ಕು ಸಾಕಿದವರು, ತೋಟದ ಮನೆಯವರು, ಶಾಲೆಯ ಮೇಷ್ಟ್ರು. ಅಂಗಡಿಯಲ್ಲಿ ಸಿಗುವುದು ಹತ್ತಾರು ಬಗೆ. ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಸುಮ್ನೆ ದುಡ್ಡು ದಂಡ ಅಂತ ಪಕ್ಕಪಕ್ಕ ಇಟ್ಟು ನೋಡೋಣ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ನಾವು ಹೆದರಬೇಕಾದ್ದು ಗಾಯಕ್ಕಲ್ಲ, ರೇಬಿಸ್‌ಗೆ. ರೋಗದ ಲಕ್ಷಣ ಒಮ್ಮೆ ಕಾಣಿಸಿತು ಅಂದ್ರೆ ಬದುಕುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ನಮ್ಮ ದೇಶದ ಪಾಲು ದೊಡ್ಡದು, ಮಕ್ಕಳ ಪಾಲೂ ದೊಡ್ಡದು. ಆದರೆ ಕಚ್ಚಿದ ತಕ್ಷಣ ತೊಳೆದು, ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಹಾಕಿಸಿಕೊಂಡರೆ ರೋಗ ಬರದಂತೆ ತಡೆಯಬಹುದು. ಹಾಗಾಗಿ ಮನೆಯ ಪೆಟ್ಟಿಗೆ ಇರುವುದು ವಾಸಿ ಮಾಡುವುದಕ್ಕಲ್ಲ. ಆಸ್ಪತ್ರೆಗೆ ಹೊರಡುವ ಮೊದಲಿನ ಆ ಕಾಲು ಗಂಟೆಗೆ.

ತೊಳೆಯುವುದಕ್ಕೆ ಯಾವುದು?

ಮೈಸೋಪೋ, ಬಟ್ಟೆ ಸೋಪೋ, ಹ್ಯಾಂಡ್‌ವಾಶೋ, ಪಾತ್ರೆ ತೊಳೆಯುವ ಲಿಕ್ವಿಡ್ಡೋ? ಉತ್ತರ: ಮೊದಲು ಕೈಗೆ ಸಿಕ್ಕಿದ್ದು. ರೇಬಿಸ್ ವೈರಸ್ಸಿನ ಹೊರಮೈ ಕೊಬ್ಬಿನ ಪದರ. ಬಾಣಲೆಯ ಜಿಡ್ಡನ್ನು ಬಿಡಿಸುವ ಹಾಗೆ ಸೋಪು ಆ ಪದರವನ್ನೂ ಬಿಡಿಸಿ ವೈರಸ್ಸನ್ನು ಕೆಡಿಸುತ್ತದೆ. ಇದಕ್ಕೆ 'ಆ್ಯಂಟಿಸೆಪ್ಟಿಕ್' ಅಂತ ಬರೆದಿರುವ ದುಬಾರಿ ಸೋಪೇ ಆಗಬೇಕು ಅಂತೇನಿಲ್ಲ, ಹತ್ತು ರೂಪಾಯಿಯ ಬಿಲ್ಲೆ ಸೋಪೂ ಅದನ್ನೇ ಮಾಡುತ್ತದೆ. ಬಟ್ಟೆ ಒಗೆಯುವ ಪುಡಿ ಗಾಯಕ್ಕೆ ಉರಿ ಜಾಸ್ತಿ, ಹರಳು ಒಳಗೆ ಕೂರುತ್ತದೆ. ಹಾಗಾಗಿ ಬೇರೆ ಏನೂ ಇಲ್ಲದಿದ್ದರೆ ಮಾತ್ರ ಅದನ್ನು ನೀರಲ್ಲಿ ಚೆನ್ನಾಗಿ ಕರಗಿಸಿ ಬಳಸಿ. ನನ್ನ ಆಯ್ಕೆ ಪಂಪ್ ಇರುವ ಹ್ಯಾಂಡ್‌ವಾಶ್ ಬಾಟಲಿ. ಒದ್ದಾಡುವ ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಒತ್ತಬಹುದು. ಬಿಲ್ಲೆ ಸೋಪು ಜಾರಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಸ್ಯಾನಿಟೈಸರ್ ಹಾಕಿಕೊಂಡು ಬರುವವರೂ ಇದ್ದಾರೆ. ಕೊರೊನಾ ಕಾಲದಿಂದ ಎಲ್ಲರ ಬ್ಯಾಗಿನಲ್ಲೂ ಒಂದಿದೆ ಅಲ್ವಾ. ಅದರಲ್ಲಿರುವ ಆಲ್ಕೋಹಾಲ್ ತನಗೆ ತಾಗಿದ ವೈರಸ್ಸನ್ನು ಕೊಲ್ಲುತ್ತದೆ, ನಿಜ. ಆದರೆ ಗಾಯದೊಳಗೆ ಹೊಕ್ಕ ಜೊಲ್ಲನ್ನು ಹೊರಗೆ ತರುವುದು ಹರಿಯುವ ನೀರು ಮಾತ್ರ. ಸ್ಯಾನಿಟೈಸರ್ ಹಾಕಿದ್ದೇನೆ ಅಂತ ತೊಳೆಯುವುದನ್ನು ಬಿಡಬೇಡಿ.

ಇನ್ನು ನೀರು. ನಲ್ಲಿ, ಚೊಂಬು, ಸಲೈನ್ ಬಾಟಲಿ, ಈ ಮೂರರಲ್ಲಿ ನಲ್ಲಿಗೇ ಮೊದಲ ಸ್ಥಾನ. ಸಲೈನ್ ಶುದ್ಧ ಅಂತ ಅರ್ಧ ಲೀಟರಿನ ಬಾಟಲಿ ಕೊಂಡು ಇಟ್ಟುಕೊಳ್ಳುವವರಿದ್ದಾರೆ. ಧಾರೆ ಬಿಟ್ಟರೆ ಅದು ಎಷ್ಟು ಹೊತ್ತು ಬಂದೀತು? ತೊಳೆಯಬೇಕಾದ್ದು 15 ನಿಮಿಷ. ಮನೆಯಲ್ಲಿ ಇರುವವರಿಗೆ ಸಲೈನ್ ಬೇಡ. ಚಾರಣಕ್ಕೆ, ದೂರದ ಪ್ರಯಾಣಕ್ಕೆ ಹೋಗುವವರು ಬೇಕಾದರೆ ಒಂದು ಇಟ್ಟುಕೊಳ್ಳಲಿ, ಅಥವಾ ಕುಡಿಯುವ ನೀರಿನ ಬಾಟಲಿಯ ಮುಚ್ಚಳಕ್ಕೆ ಒಂದು ತೂತು ಹೊಡೆದು ಹಿಂಡಲಿ. ಧಾರೆ ಚೆನ್ನಾಗಿಯೇ ಬರುತ್ತದೆ.

15 ನಿಮಿಷ ಅಂತ ಓದುವಾಗ ಸುಲಭ. ತೊಳೆಯಲು ಕೂತಾಗ ಗೊತ್ತಾಗುತ್ತದೆ ಅದು ಎಷ್ಟು ಉದ್ದ ಅಂತ. ಎರಡು ನಿಮಿಷಕ್ಕೇ 'ಸಾಕು, ಆಸ್ಪತ್ರೆಗೆ ಹೊರಡೋಣ' ಅಂತ ಮನೆಯವರೆಲ್ಲ ಅವಸರ ಮಾಡುತ್ತಾರೆ. ಫೋನಿನಲ್ಲಿ ಅಲಾರಂ ಇಡಿ. ಮಗುವಿನ ಮೀನಖಂಡಕ್ಕೆ ನಾಯಿ ಬಾಯಿ ಹಾಕಿದೆ ಅಂದುಕೊಳ್ಳಿ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ. ನಲ್ಲಿಗೆ ಪೈಪ್ ಸಿಕ್ಕಿಸಿ ನೀರು ಗಾಯದ ಮೇಲೆ ಸೀದಾ ಬೀಳುವ ಹಾಗೆ ಮಾಡಿ. ಸೋಪಿನ ನೊರೆ ಹಾಕಿ, ಬೆರಳಿನಿಂದ ಗಾಯದ ಅಂಚನ್ನು ಸ್ವಲ್ಪ ಬಿಡಿಸಿ, ನೀರು ಒಳಗೆ ಹೋಗಿ ಬರಲಿ. ಮತ್ತೆ ನೊರೆ, ಮತ್ತೆ ನೀರು. ಬ್ರಷ್, ತೆಂಗಿನ ನಾರು ಹಾಕಿ ಉಜ್ಜಬೇಡಿ, ಚರ್ಮ ಕಿತ್ತುಬರುತ್ತದೆ. ಒಂದು ಗಾಯ ತೊಳೆದು ಸುಮ್ಮನಾಗದೆ ಇಡೀ ಕಾಲನ್ನು ತಿರುಗಿಸಿ ನೋಡಿ. ಮೇಲ್ದವಡೆಯ ಹಲ್ಲು ಒಂದು ಕಡೆ ನೆಟ್ಟಿದ್ದರೆ ಕೆಳದವಡೆಯದು ಇನ್ನೊಂದು ಕಡೆ ನೆಟ್ಟಿರುತ್ತದೆ. ಪ್ಯಾಂಟಿನ ಮೇಲಿಂದ ಕಚ್ಚಿದೆ, ಬಟ್ಟೆ ಹರಿದಿಲ್ಲ ಅಂತಲೂ ಬಿಡಬೇಡಿ. ಬಿಚ್ಚಿ ನೋಡಿ.

ತೊಳೆಯುವವರ ಕೈಯಲ್ಲಿ ಗೀರು, ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಬೇಕು. ಪೆಟ್ಟಿಗೆಯಲ್ಲಿ ಎರಡು ಜೊತೆ ಇರಲಿ. ಜೊಲ್ಲು ಕಣ್ಣಿಗೆ, ಬಾಯಿಗೆ ಬಿದ್ದಿದ್ದರೆ ಸೋಪು ಬೇಡ, ಬರೀ ನೀರಿನಿಂದಲೇ ತುಂಬಾ ಹೊತ್ತು ತೊಳೆಯಿರಿ. ರಕ್ತ ಚಿಮ್ಮುತ್ತಿದ್ದರೆ ಮಾತು ಬೇರೆ. ಆಗ ಮೊದಲು ಒತ್ತಿ ಹಿಡಿಯುವುದು, 108ಕ್ಕೆ ಫೋನ್ ಮಾಡುವುದು, ತೊಳೆಯುವುದು ಆಮೇಲೆ.

ಹಚ್ಚುವುದಕ್ಕೆ ಯಾವುದು?

ತೊಳೆದಾದ ಮೇಲೆ ನನ್ನ ಶಿಫಾರಸು ಪೋವಿಡೋನ್ ಅಯೋಡಿನ್, ಅಂದ್ರೆ ಜನ 'ಬೆಟಾಡಿನ್' ಅನ್ನುವ ಕಂದು ಬಣ್ಣದ ಔಷಧಿ. ಬೆಟಾಡಿನ್ ಅನ್ನುವುದು ಒಂದು ಬ್ರ್ಯಾಂಡಿನ ಹೆಸರು. ಅದೇ ಔಷಧಿ ಬೇರೆ ಹೆಸರಲ್ಲಿ ಕಡಿಮೆ ಬೆಲೆಗೂ ಸಿಗುತ್ತದೆ, ಜನೌಷಧಿ ಅಂಗಡಿಯಲ್ಲೂ ಕೇಳಿ ನೋಡಿ.

ಆದರೆ ಇಲ್ಲೇ ಜನ ಎಡವುವುದು. ಒಂದೇ ಹೆಸರಿನಲ್ಲಿ ನಾಲ್ಕೈದು ಬಾಟಲಿಗಳಿವೆ, ಎಲ್ಲವೂ ಕಂದು. ಶೇ 2ರದ್ದು ಬಾಯಿ ಮುಕ್ಕಳಿಸುವುದಕ್ಕೆ. ಶೇ 7.5ರದ್ದು ಆಪರೇಷನ್‌ಗೆ ಮೊದಲು ಡಾಕ್ಟರು ಕೈ ಉಜ್ಜಿಕೊಳ್ಳುವುದಕ್ಕೆ. ಅದರಲ್ಲಿ ನೊರೆ ಬರುವ ಪದಾರ್ಥ ಇರುತ್ತದೆ, ಗಾಯದಲ್ಲಿ ಬಿಡುವಂಥದ್ದಲ್ಲ. ನಮಗೆ ಬೇಕಾದ್ದು 'ಸೊಲ್ಯೂಷನ್' ಅಂತ ಬರೆದಿರುವ ಶೇ 5 ಅಥವಾ ಶೇ 10ರದ್ದು. ಎರಡರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ, ಎರಡೂ ಆಗುತ್ತದೆ. ಮನೆಗೆ ಸಣ್ಣ ಬಾಟಲಿಯೇ ಸಾಕು. ದೊಡ್ಡದನ್ನು ಕೊಂಡರೆ ಮುಗಿಯುವ ಮೊದಲೇ ಡೇಟ್ ಮುಗಿದಿರುತ್ತದೆ.

ಅದೇ ಔಷಧಿಯ ಟ್ಯೂಬ್ ಆಯಿಂಟ್‌ಮೆಂಟ್ ಹೇಗೆ? ತರಚಿದ ಮೊಣಕಾಲಿಗೆ ಒಳ್ಳೆಯದು. ಕಚ್ಚಿದ ಗಾಯಕ್ಕೆ ನಾನು ಕೊಡುವುದಿಲ್ಲ. ಹಲ್ಲು ಇಳಿದ ತೂತಿನ ಮೇಲೆ ಜಿಡ್ಡು ಮುಲಾಮು ಕೂತರೆ ಮೇಲೆ ಮುಚ್ಚಳ ಹಾಕಿದಂತಾಗುತ್ತದೆ, ಔಷಧಿ ಕೆಳಗೆ ಇಳಿಯುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮ ಅದನ್ನೆಲ್ಲ ಒರೆಸಿ ತೆಗೆದು ಮತ್ತೆ ತೊಳೆಯಬೇಕು. ನೀರಿನಂತೆ ಹರಿಯುವ ಸೊಲ್ಯೂಷನ್ನೇ ಸರಿ.

ಅಯೋಡಿನ್ ಅಲರ್ಜಿ ಇರುವವರು ಇದನ್ನು ಮುಟ್ಟಬಾರದು. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಎಳೆ ಮಕ್ಕಳ ವಿಷಯದಲ್ಲಿ ದಿನದಿನಾ ಬಳಸುವ ಮುಂಚೆ ಡಾಕ್ಟರನ್ನು ಕೇಳಿ.

ಡೆಟಾಲ್, ಸ್ಯಾವ್ಲಾನ್ ಎಲ್ಲರ ಮನೆಯಲ್ಲೂ ಇರುತ್ತದೆ. ಬೆಟಾಡಿನ್ ಇಲ್ಲ ಅಂದ್ರೆ ಇವು ಆಗುತ್ತವೆ, ಆದರೆ ಲೇಬಲ್ ಮೇಲೆ ಹೇಳಿದಷ್ಟು ನೀರು ಬೆರೆಸಿಯೇ ಹಾಕಬೇಕು. ಹಸಿ ಡೆಟಾಲ್ ಸುರಿದುಕೊಂಡು ಗಾಯದ ಸುತ್ತ ಚರ್ಮ ಸುಟ್ಟಂತೆ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಸ್ಯಾವ್ಲಾನ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಅದರಲ್ಲಿ ಕ್ಲೋರ್‌ಹೆಕ್ಸಿಡಿನ್ ಜೊತೆ ಸೆಟ್ರಿಮೈಡ್ ಇದೆ. ಸೋಪಿನ ಅಂಶ ಉಳಿದಿದ್ದರೆ ಅವೆರಡರ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ಸ್ಯಾವ್ಲಾನ್ ಹಾಕುವುದಾದರೆ ಸೋಪು ಪೂರ್ತಿ ಹೋಗುವ ಹಾಗೆ ತೊಳೆದು ಆಮೇಲೆ ಹಾಕಿ. ಸೋಪು, ಸ್ಯಾವ್ಲಾನ್ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದರೆ ಎರಡೂ ವ್ಯರ್ಥ.

ಸ್ಪಿರಿಟ್ ಉರಿಯುತ್ತದೆ, ಮಕ್ಕಳು ಆಮೇಲೆ ಗಾಯ ಮುಟ್ಟುವುದಕ್ಕೇ ಬಿಡುವುದಿಲ್ಲ. ಬೆಟಾಡಿನ್ ಇದ್ದರೆ ಅದು ಬೇಡ. ಹೈಡ್ರೋಜನ್ ಪೆರಾಕ್ಸೈಡ್ ಬುರುಬುರು ನೊರೆ ಬರುವುದು ನೋಡೋಕೆ ಚೆಂದ, ಆದರೆ ಒಳ್ಳೆಯ ಮಾಂಸಕ್ಕೂ ಹಾನಿ ಮಾಡುತ್ತದೆ. ಪೆಟ್ಟಿಗೆಯಿಂದ ತೆಗೆದುಬಿಡಿ.

ಅಡುಗೆಮನೆಯ ಔಷಧಿಗಳ ಪಟ್ಟಿ ಇನ್ನೂ ಉದ್ದ: ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಎಕ್ಕದ ಹಾಲು, ಹರಳೆಣ್ಣೆ. ಯಾವುದೂ ಬೇಡ. ಅರಿಶಿನ ತರಕಾರಿ ಹೆಚ್ಚುವಾಗ ಕೊಯ್ದ ಬೆರಳಿಗೆ ಹಚ್ಚಿಕೊಳ್ಳಿ, ನನ್ನ ತಕರಾರಿಲ್ಲ. ಕಚ್ಚಿದ ಗಾಯಕ್ಕೆ ಪುಡಿ ತುಂಬಿದರೆ ತೂತು ಮುಚ್ಚಿಕೊಂಡು ಜೊಲ್ಲು ಒಳಗೇ ಉಳಿಯುತ್ತದೆ. ಸುಣ್ಣ, ಖಾರ, ಎಕ್ಕದ ಹಾಲು ಮಾಂಸವನ್ನು ಕೆರಳಿಸುತ್ತವೆ, ವೈರಸ್ಸಿಗೆ ನರದ ದಾರಿ ಇನ್ನೂ ಸಲೀಸಾಗುತ್ತದೆ. ಅಜ್ಜಿಗೆ ಬೇಜಾರಾಗುತ್ತದೆ ಅಂತ ಹಚ್ಚಿಸಿಕೊಳ್ಳಬೇಡಿ. ಬೇಕಾದರೆ ಅಜ್ಜಿಯ ಕೈಗೆ ಚೊಂಬು ಕೊಡಿ, ನೀರು ಹಾಕಲಿ.

ಮುಚ್ಚುವುದಕ್ಕೆ

ಹೇಳುವುದು ಕಡಿಮೆ. ಗಾಯ ತೆರೆದಿರುವುದೇ ಒಳ್ಳೆಯದು. ದಾರಿಯ ಧೂಳು ಕೂರದಿರಲಿ ಅಂತ ಒಂದು ಗಾಜ್ ತುಂಡು ಇಟ್ಟು ಪೇಪರ್ ಟೇಪ್ ಸಡಿಲವಾಗಿ ಅಂಟಿಸಿದರೆ ಸಾಕು. ಹತ್ತಿ ಬೇಡ, ಎಳೆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಬ್ಯಾಂಡ್-ಏಡ್ ತೂತನ್ನು ಪೂರ್ತಿ ಮುಚ್ಚಿಬಿಡುತ್ತದೆ, ಅದೂ ಬೇಡ. ಕ್ರೇಪ್ ಬ್ಯಾಂಡೇಜ್ ಉಳುಕಿಗೆ ಸರಿ. ಹೊಲಿಗೆ ಹಾಕಿ ಅಂತ ಡಾಕ್ಟರನ್ನು ಒತ್ತಾಯ ಮಾಡಬೇಡಿ. ಕಚ್ಚಿದ ಗಾಯಕ್ಕೆ ಅವರು ಆದಷ್ಟು ಹೊಲಿಗೆ ಹಾಕುವುದಿಲ್ಲ. ಹಾಕಲೇಬೇಕಾದರೆ ಗಾಯಕ್ಕೆ ಸೀರಂ ಕೊಟ್ಟ ಮೇಲೆ ಸಡಿಲವಾಗಿ ಹಾಕುತ್ತಾರೆ. ಆ ಸೀರಂ ಏನು ಅಂತ ಕೆಳಗೆ ಹೇಳಿದ್ದೇನೆ.

ರೆಡಿ ಕಿಟ್ ಕೊಳ್ಳಲೋ, ನಾವೇ ಜೋಡಿಸಲೋ?

ಕೆಂಪು ಪ್ಲಸ್ ಗುರುತಿನ ಡಬ್ಬಿಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಬಿಚ್ಚಿ ನೋಡಿದರೆ ತುಂಬಾ ಬ್ಯಾಂಡ್-ಏಡ್, ಒಂದು ಕ್ರೇಪ್ ಬ್ಯಾಂಡೇಜ್, ಸುಟ್ಟ ಗಾಯದ ಕ್ರೀಮು, ಹರಿತವಿಲ್ಲದ ಕತ್ತರಿ, ಒಂದಿಷ್ಟು ಹತ್ತಿ. ನಾನು ನೋಡಿದ ಡಬ್ಬಿಗಳಲ್ಲಿ ಸೋಪು ಇದ್ದದ್ದಿಲ್ಲ. ಕಾರಿಗೋ ಆಫೀಸಿಗೋ ಸಾಮಾನ್ಯ ಗಾಯಕ್ಕೆ ಅಂತ ಕೊಳ್ಳಿ, ಬೇಡ ಅನ್ನುವುದಿಲ್ಲ. ನಾಯಿ ಬೆಕ್ಕಿನ ಸಲುವಾಗಿ ಅಂತ ಕೊಳ್ಳುವುದಾದರೆ ಬೇಡ. ಹಳೆಯ ಐಸ್‌ಕ್ರೀಮ್ ಡಬ್ಬಿಗೆ ಹ್ಯಾಂಡ್‌ವಾಶ್, ಪೋವಿಡೋನ್ ಸೊಲ್ಯೂಷನ್, ಸ್ಟೆರೈಲ್ ಗಾಜ್ ಪ್ಯಾಕೆಟ್ ನಾಲ್ಕು, ಪೇಪರ್ ಟೇಪ್, ಗ್ಲೌಸ್ ಹಾಕಿ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: 108 ಆಂಬ್ಯುಲೆನ್ಸ್, 104 ಆರೋಗ್ಯ ಸಹಾಯವಾಣಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯ ನಂಬರ್. ಆಯಿತು.

ಶಾಲೆಗೆ ಜೋಡಿಸುವವರು ಇದರ ಜೊತೆ ಒಂದು ನಲ್ಲಿಯನ್ನೂ ಗುರುತು ಮಾಡಿ ಇಟ್ಟುಕೊಳ್ಳಿ, ಗಂಟೆಗಟ್ಟಲೆ ನೀರು ಬರುವಂಥದ್ದು. ಡಬ್ಬಿ ಹೆಡ್‌ಮೇಷ್ಟ್ರ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಇದ್ದೂ ಇಲ್ಲದ ಹಾಗೆ.

ರೇಬಿಸ್ ಲಸಿಕೆಯನ್ನೇ ಒಂದು ಮನೆಯ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಬಹುದಾ ಅಂತ ತೋಟದ ಮನೆಯವರು ಕೇಳುತ್ತಾರೆ. ಬೇಡ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಕರೆಂಟ್ ಹೋಗಿ ಬರುವ ಕಡೆ ಅದರ ಗುಣ ಉಳಿದಿದೆಯೋ ಇಲ್ಲವೋ ಅಂತ ನೋಡಿ ಹೇಳುವುದಕ್ಕೆ ಆಗುವುದಿಲ್ಲ.

ಯಾವ ಪ್ರಾಣಿ, ಎಂಥ ಗಾಯ?

ಡಾಕ್ಟರ ಚೀಟಿಯಲ್ಲಿ 'ಕ್ಯಾಟಗರಿ 2', 'ಕ್ಯಾಟಗರಿ 3' ಅಂತ ಬರೆದಿರುವುದನ್ನು ನೋಡಿರುತ್ತೀರಿ. ಪ್ರಾಣಿಯನ್ನು ಮುಟ್ಟಿದ್ದು, ಊಟ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೇ ದರ್ಜೆ. ತೊಳೆದುಕೊಂಡರೆ ಸಾಕು, ಇಂಜೆಕ್ಷನ್ ಬೇಡ. ರಕ್ತ ಬಾರದ ಗೀರು, ತರಚು, ಬರೀ ಚರ್ಮವನ್ನು ಕಚ್ಚಿ ಬಿಟ್ಟದ್ದು ಎರಡನೆಯದು. ಇದಕ್ಕೆ ಲಸಿಕೆ ಬೇಕು. ಹಲ್ಲು ಅಥವಾ ಉಗುರು ಚರ್ಮ ದಾಟಿ ರಕ್ತ ಬಂದಿದ್ದರೆ, ಮೊದಲೇ ಇದ್ದ ಗಾಯವನ್ನು ನೆಕ್ಕಿದ್ದರೆ, ಜೊಲ್ಲು ಕಣ್ಣು ಬಾಯಿಗೆ ತಾಗಿದ್ದರೆ ಮೂರನೆಯದು. ಇದಕ್ಕೆ ಲಸಿಕೆಯ ಜೊತೆಗೆ ಗಾಯಕ್ಕೇ ಕೊಡುವ ಸೀರಂ ಕೂಡ ಬೇಕು. ಕಾಡುಪ್ರಾಣಿ ಕಚ್ಚಿದ್ದನ್ನು ನೇರವಾಗಿ ಮೂರನೆಯದಕ್ಕೇ ಸೇರಿಸುತ್ತಾರೆ.

ಜನ ಗಾಯದ ಅಗಲ ನೋಡಿ ಹೆದರುತ್ತಾರೆ. ಬೆಕ್ಕಿನ ವಿಷಯದಲ್ಲಿ ಇದು ತಲೆಕೆಳಗು. ನಾಯಿ ಕಚ್ಚಿದರೆ ಹರಿದುಹೋಗುತ್ತದೆ, ಕಣ್ಣಿಗೆ ಕಾಣುತ್ತದೆ, ನೀರೂ ಒಳಗೆ ಹೋಗುತ್ತದೆ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಪೂರ. ಆಳಕ್ಕೆ ಇಳಿಯುತ್ತದೆ, ಮೇಲೆ ಎರಡು ಚುಕ್ಕಿ ಬಿಟ್ಟರೆ ಏನೂ ಕಾಣುವುದಿಲ್ಲ, ಸಂಜೆಯ ಹೊತ್ತಿಗೆ ಅದೂ ಮುಚ್ಚಿಕೊಂಡಿರುತ್ತದೆ. ಒಳಗೆ ಉಳಿದ ಕೀಟಾಣು ಕೀವು ಮಾಡುತ್ತದೆ. ಬೆರಳಿಗೆ, ಮಣಿಕಟ್ಟಿಗೆ ಬೆಕ್ಕು ಕಚ್ಚಿ ಒಂದೆರಡು ದಿನದಲ್ಲಿ ಕೆಂಪಾಗಿ ಬಾತುಕೊಂಡರೆ ಆ್ಯಂಟಿಬಯಾಟಿಕ್ ಬೇಕಾಗಬಹುದು. ಅದನ್ನು ಡಾಕ್ಟರು ಬರೆಯಬೇಕು. ನಮ್ಮ ಕೌಂಟರಿನಲ್ಲಿ 'ಎರಡು ಮಾತ್ರೆ ಕೊಡಿ' ಅಂತ ಕೇಳಬೇಡಿ.

ನಾಯಿಮರಿ ಕಚ್ಚಿದರೆ 'ಮರಿ ಅಲ್ವಾ' ಅಂತ ಬಿಡುವುದು, ಮನೆ ನಾಯಿಗೆ ಲಸಿಕೆ ಹಾಕಿಸಿದೆ ಅಂತ ಬಿಡುವುದು, ಎರಡೂ ತಪ್ಪು. ಮರಿಗೂ ರೇಬಿಸ್ ಇರಬಹುದು. ಲಸಿಕೆ ಹಾಕಿಸಿದ ನಾಯಿಯಿಂದ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತ ಖಾತ್ರಿ ಕೊಡಲಾಗುವುದಿಲ್ಲ. ನಾಯಿ, ಬೆಕ್ಕನ್ನು 10 ದಿನ ಗಮನಿಸುವ ಪದ್ಧತಿ ಇದೆ. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ ಉಳಿದ ಡೋಸ್ ಏನು ಮಾಡುವುದು ಅಂತ ಡಾಕ್ಟರು ಹೇಳುತ್ತಾರೆ. 10 ದಿನ ಕಾದು ನೋಡಿ ಆಮೇಲೆ ಇಂಜೆಕ್ಷನ್ ಅಂತ ಮಾತ್ರ ಅರ್ಥ ಮಾಡಿಕೊಳ್ಳಬೇಡಿ. ಇಂಜೆಕ್ಷನ್ ಇವತ್ತೇ ಶುರು, ಗಮನಿಸುವುದು ಅದರ ಜೊತೆಗೆ. ಕಚ್ಚಿದ ನಾಯಿಯನ್ನು ಹೊಡೆದು ಕೊಂದರೆ ಗಮನಿಸುವ ಅವಕಾಶವೂ ಹೋಯಿತು.

ಕೋತಿಗೆ ಈ 10 ದಿನದ ಲೆಕ್ಕ ಇಲ್ಲ. ಚಾಮುಂಡಿ ಬೆಟ್ಟ, ನಂದಿ ಬೆಟ್ಟ, ಹಂಪಿ, ಎಲ್ಲಿ ಹೋದರೂ ಕೈಯಲ್ಲಿನ ಬಾಳೆಹಣ್ಣಿಗೆ ಹಾರಿ ಪರಚುವ ಕೋತಿಗಳಿವೆ. ಪರಚಿದ್ದಷ್ಟೇ ಅಂತ ಸುಮ್ಮನಿರದೆ ತೊಳೆದು ಆಸ್ಪತ್ರೆಗೆ ಹೋಗಿ. ಮನೆಯ ಇಲಿ, ಅಳಿಲು, ಮೊಲ ಕಚ್ಚಿದ್ದಕ್ಕೆ ರೇಬಿಸ್ ಇಂಜೆಕ್ಷನ್ ಬೇಕಾಗುವುದು ಅಪರೂಪ. ತೊಳೆಯಿರಿ, ಟಿಟಿ ವಿಷಯ ಕೇಳಿ, ಉಳಿದದ್ದು ಡಾಕ್ಟರಿಗೆ ಬಿಡಿ.

ಹಾವು ಕಚ್ಚಿದರೆ ಈ ಡಬ್ಬಿಯನ್ನು ತೆಗೆಯಲೇಬೇಡಿ. ಅಲ್ಲಿ ಎಲ್ಲ ಉಲ್ಟಾ. 15 ನಿಮಿಷ ತೊಳೆಯುತ್ತಾ ಕೂರಬಾರದು, ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು, ನಡೆಸದೆ ಎತ್ತಿಕೊಂಡು, ಹಾವಿನ ವಿಷದ ಔಷಧಿ ಇರುವ ಆಸ್ಪತ್ರೆಗೆ ಹೊರಡಬೇಕು. ನಾಯಿಗೆ ಮೊದಲು ನೀರು, ಹಾವಿಗೆ ಮೊದಲು ಗಾಡಿ.

ಎಲ್ಲಿಗೆ ಹೋಗುವುದು, ಯಾವ ಇಂಜೆಕ್ಷನ್?

'ಟಿಟಿ ಹಾಕಿಸಿಕೊಂಡೆ, ಆಯ್ತಲ್ವಾ?' ಇಲ್ಲ. ಟಿಟಿ ಧನುರ್ವಾಯುವಿಗೆ. ಹೋದ 5 ವರ್ಷದಲ್ಲಿ ಹಾಕಿಸಿಲ್ಲದಿದ್ದರೆ ಅದೂ ಬೇಕು, ಆದರೆ ರೇಬಿಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಒಂದು ಟಿಟಿ ಚುಚ್ಚಿಸಿಕೊಂಡು ಮನೆಗೆ ಹೋಗುವವರ ಬಗ್ಗೆ ನನಗೆ ಇರುವಷ್ಟು ಭಯ ಇನ್ಯಾರ ಬಗ್ಗೆಯೂ ಇಲ್ಲ.

ಹೊಕ್ಕಳ ಸುತ್ತ 14 ಇಂಜೆಕ್ಷನ್ ಅನ್ನುವ ಹೆದರಿಕೆ ಇನ್ನೂ ಹಳಬರಲ್ಲಿದೆ. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ 2005ರ ಹೊತ್ತಿಗೇ ಅದು ನಿಂತುಹೋಯಿತು. ಈಗಿನದು ದೊಡ್ಡವರಿಗೆ ರಟ್ಟೆಗೆ, ಸಣ್ಣ ಮಕ್ಕಳಿಗೆ ತೊಡೆಯ ಮುಂಭಾಗಕ್ಕೆ. ಪೃಷ್ಠಕ್ಕೆ ಚುಚ್ಚಬಾರದು, ಅಲ್ಲಿ ಹಾಕಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಲಸಿಕೆ ಕೊಡುವ ವಿಧಾನ ಎರಡು. ಮಾಂಸಖಂಡಕ್ಕೆ ಕೊಡುವುದಾದರೆ ಒಂದು ಸಲಕ್ಕೆ ಪೂರ್ತಿ ಒಂದು ವಯಲ್ (ಲಸಿಕೆಯ ಪುಟ್ಟ ಬಾಟಲಿ), ಐದು ಭೇಟಿ: 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವುದಾದರೆ ಎರಡು ತೋಳಿಗೂ 0.1 ಎಂಎಲ್‌ನಂತೆ ಎರಡು ಚುಚ್ಚು, ನಾಲ್ಕು ಭೇಟಿ: 0, 3, 7, 28. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕೊಡುವುದು ಈ ಎರಡನೆಯದು. 'ಗೌರ್ಮೆಂಟಿನಲ್ಲಿ ಚೂರೇ ಚೂರು ಔಷಧಿ ಹಾಕಿ ಕಳಿಸಿದ್ರು' ಅಂತ ಅನುಮಾನ ಪಡುವವರಿಗೆ ಹೇಳುತ್ತೇನೆ: ಚರ್ಮದಲ್ಲಿ ರೋಗನಿರೋಧಕ ಕಣಗಳು ಜಾಸ್ತಿ, ಹಾಗಾಗಿ ಕಡಿಮೆ ಔಷಧಿ ಸಾಕು. ಚುಚ್ಚಿದ ಜಾಗ ಸಣ್ಣ ಗುಳ್ಳೆಯ ಹಾಗೆ ಉಬ್ಬಿದರೆ ಸರಿಯಾಗಿ ಬಿದ್ದಿದೆ ಅಂತ ಅರ್ಥ. ಎರಡು ವಿಧಾನದ ಫಲವೂ ಒಂದೇ. ಒಡೆದ ವಯಲನ್ನು ಕೆಲವು ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ, ದಿನಕ್ಕೆ ಒಬ್ಬರೋ ಇಬ್ಬರೋ ಬರುವ ಖಾಸಗಿ ಕ್ಲಿನಿಕ್ಕಿನವರು ಇಡೀ ವಯಲ್ ಕೊಡುವ ಮೊದಲನೇ ವಿಧಾನವನ್ನೇ ಹಿಡಿಯುತ್ತಾರೆ. ಸ್ಟಿರಾಯ್ಡ್, ಕ್ಯಾನ್ಸರ್ ಔಷಧಿ, ಕ್ಲೋರೋಕ್ವಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಅಂಥವರಿಗೆ ಮಾಂಸಖಂಡಕ್ಕೆ ಕೊಡುವುದೇ ಲೇಸು. ಶುರು ಮಾಡಿದ ವಿಧಾನವನ್ನು ಆದಷ್ಟು ಮಧ್ಯೆ ಬದಲಿಸಬೇಡಿ. ಬಸುರಿ, ಬಾಣಂತಿ ಅಂತ ಇಂಜೆಕ್ಷನ್ ಮುಂದೂಡುವ ಹಾಗಿಲ್ಲ. ಪಥ್ಯವೂ ಇಲ್ಲ, ಮೊಟ್ಟೆ ಮಾಂಸ ಬಿಡಬೇಕಾಗಿಲ್ಲ.

ನಿಜವಾದ ವ್ಯತ್ಯಾಸ ಇರುವುದು ಸೀರಂನಲ್ಲಿ. ಲಸಿಕೆ ಕೆಲಸ ಶುರು ಮಾಡಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಕಾವಲಿಗೆ ಸೀರಂ, ಅಂದ್ರೆ ವೈರಸ್ಸನ್ನು ತಡೆಯುವ ಸಿದ್ಧ ಆ್ಯಂಟಿಬಾಡಿಗಳನ್ನು (ಪ್ರತಿಕಾಯ) ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಕುದುರೆಯಿಂದ ತೆಗೆದದ್ದು ಕೆಜಿಗೆ 40 ಯೂನಿಟ್, ಮನುಷ್ಯರ ರಕ್ತದಿಂದ ತೆಗೆದದ್ದು ಕೆಜಿಗೆ 20. ಅಂದ್ರೆ 60 ಕೆಜಿಯವರಿಗೆ 2400 ಅಥವಾ 1200 ಯೂನಿಟ್. ಕುದುರೆಯದು ಅಗ್ಗ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಕೆಲವರಿಗೆ ಅಲರ್ಜಿ ಆಗುವುದುಂಟು, ಹಾಗಾಗಿ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸುತ್ತಾರೆ. ಮನುಷ್ಯರದ್ದಕ್ಕೆ ಆ ಕಾಟ ಕಡಿಮೆ, ಬೆಲೆ ಬಹಳ ಜಾಸ್ತಿ. ಲ್ಯಾಬಿನಲ್ಲಿ ತಯಾರಾಗುವ ಮೊನೊಕ್ಲೋನಲ್ ಆ್ಯಂಟಿಬಾಡಿ ಅನ್ನುವ ಮೂರನೇ ಬಗೆಯೂ ಈಗ ನಮ್ಮಲ್ಲಿ ಸಿಗುತ್ತದೆ. ಸಾಲ ಮಾಡಿ ದುಬಾರಿಯದೇ ಬೇಕು ಅಂತ ಹಟ ಹಿಡಿಯುವ ಅಗತ್ಯ ನನಗೆ ಕಂಡಿಲ್ಲ. ಯಾವುದು ಬೇಗ ಸಿಗುತ್ತದೋ ಅದು.

ಸಮಸ್ಯೆ ಏನಂದ್ರೆ ಸಣ್ಣ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇರುತ್ತದೆ, ಸೀರಂ ಇಲ್ಲದಿರಬಹುದು. ಹಾಗಾಗಿ ರಕ್ತ ಬಂದ ಗಾಯ ಆಗಿದ್ದರೆ ಫೋನ್ ಮಾಡಿ ಕೇಳಿ, ಇಲ್ಲವೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೇ ಹೋಗಿ. ಊರಲ್ಲಿ ಪಿಎಚ್‌ಸಿ ಬಿಟ್ಟರೆ ಬೇರೆ ದಾರಿ ಇಲ್ಲ ಅಂದ್ರೆ ಅಲ್ಲೇ ಲಸಿಕೆಯ ಮೊದಲ ಡೋಸ್ ಹಾಕಿಸಿ, ಸೀರಂಗೆ ಚೀಟಿ ಬರೆಸಿಕೊಳ್ಳಿ. ಮೊದಲ ಡೋಸ್ ಆದ 7 ದಿನದೊಳಗೆ ಸೀರಂ ಕೊಡಬಹುದು. ಅದು ದಾಟಿದರೆ ಕೊಡುವುದಿಲ್ಲ, ಅಷ್ಟರಲ್ಲಿ ಲಸಿಕೆಯೇ ಕೆಲಸ ಶುರು ಮಾಡಿರುತ್ತದೆ. ಮುಖಕ್ಕೆ, ತಲೆಗೆ, ಕತ್ತಿಗೆ, ಕೈಬೆರಳಿಗೆ ಕಚ್ಚಿದ್ದರೆ ನಾಳೆ ನೋಡೋಣ ಅನ್ನುವ ಮಾತೇ ಬೇಡ. ಹಾಗೆಯೇ ಕಚ್ಚಿ ವಾರ, ತಿಂಗಳು ಕಳೆದುಹೋಗಿದೆ, ಇನ್ನೇನು ಹೋಗುವುದು ಅಂತಲೂ ಬಿಡಬೇಡಿ. ರೋಗ ತಲೆದೋರಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ತಡವಾದರೂ ಹೋಗಿ.

ಇನ್ನು ದಿನದ ಲೆಕ್ಕ. 0 ಅಂದ್ರೆ ಕಚ್ಚಿದ ದಿನ ಅಲ್ಲ, ಮೊದಲ ಇಂಜೆಕ್ಷನ್ ಬಿದ್ದ ದಿನ. 28ನೇ ದಿನದ್ದನ್ನು ಮರೆಯುವವರು ಬಹಳ, ಗಾಯ ಮಾಯ್ದಿರುತ್ತದಲ್ಲ. ಆಸ್ಪತ್ರೆಯವರು ಕೊಟ್ಟ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ, ಕಾರ್ಡನ್ನು ಆ ಐಸ್‌ಕ್ರೀಮ್ ಡಬ್ಬಿಯಲ್ಲೇ ಹಾಕಿಡಿ. ಕೋರ್ಸ್ ಪೂರ್ತಿ ಮಾಡಿದವರಿಗೆ ಮುಂದೆ ಮತ್ತೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಸೀರಂ ಬೇಡ. ಅದಕ್ಕೆ ಕಾರ್ಡ್ ತೋರಿಸಬೇಕು. ಕಾರ್ಡ್ ಇಲ್ಲದೆ ಬಾಯಲ್ಲಿ ಹೇಳಿದರೆ ಡಾಕ್ಟರು ಮತ್ತೆ ಮೊದಲಿಂದ ಶುರು ಮಾಡಿಸುವ ಸಂಭವವೇ ಜಾಸ್ತಿ.